ಕುಮಟಾ ಹತ್ತಿರ ಮೂರು ಸರ್ಕಾರಿ ಶಾಲೆ ನೋಡಿ ಬಂದೆ: ಒಂದನೇ ತರಗತಿಯ ಮಗ, ಆರನೇ ತರಗತಿಯ ಮಗಳು, ಎಲ್ಲಿಗೆ ಸೇರಿಸಲಿ?

ಗದಗಿನ ಹೊಲಿಗೆಯವಳು:

ನಮಸ್ಕಾರ. ನನ್ನ ಗಂಡ ವಾಯವ್ಯ ಸಾರಿಗೆಯಲ್ಲಿ ನಿರ್ವಾಹಕರು. ಮೇ ತಿಂಗಳಲ್ಲಿ ಗದಗಿನಿಂದ ಕುಮಟಾ ಘಟಕಕ್ಕೆ ವರ್ಗವಾಯಿತು. ಪೇಟೆಯಿಂದ ಎರಡೂವರೆ ಕಿಲೋಮೀಟರ್ ಹೊರಗೆ ಬಾಡಿಗೆ ಮನೆ ಹಿಡಿದಿದ್ದೇವೆ. ಲಾರಿಯಿಂದ ಹೊಲಿಗೆ ಯಂತ್ರ ಇಳಿಸುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ನಾನು ಗಾಬರಿಯಾಗಿ ಗೋಣಿಚೀಲ ಹುಡುಕುತ್ತಿದ್ದರೆ ಪಕ್ಕದ ಮನೆಯ ಅಜ್ಜಿ ಜಗುಲಿಯಲ್ಲಿ ಕುಳಿತು, ಇದು ಮಳೆಯಲ್ಲ, ಮಳೆ ಇನ್ನೂ ಬರಬೇಕು ಎಂದರು. ಅಂದಿನಿಂದ ನನಗೆ ಒಂದು ಭಯ.

ಮಗನಿಗೆ ಜೂನ್ 1ಕ್ಕೆ ಆರು ತುಂಬಿದೆ, ಒಂದನೇ ತರಗತಿ. ಮಗಳು ಆರನೇ ತರಗತಿ. ಇಬ್ಬರನ್ನೂ ಸರ್ಕಾರಿ ಶಾಲೆಗೇ ಹಾಕುವುದು ಎಂದು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಿದ್ದೇವೆ. ಅದರಲ್ಲಿ ಆದರ್ಶವೂ ಇದೆ, ಲೆಕ್ಕವೂ ಇದೆ. ಮನೆ ಬಾಗಿಲಿಗೆ ವ್ಯಾನು ಬರುವ ಖಾಸಗಿ ಶಾಲೆಯೊಂದರ ಮೊದಲ ಕಂತು ಕೇಳಿದೆ, ನನ್ನ ಎರಡು ತಿಂಗಳ ಹೊಲಿಗೆಗೆ ಸಮ. ಆದರೆ ಸರ್ಕಾರಿ ಎಂದರೆ ಎಲ್ಲವೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶಾಲೆ ಶುರುವಾದ ವಾರದಲ್ಲೇ ಮೂರನ್ನು ನೋಡಿ ಬಂದೆ. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡದ್ದನ್ನು ಹಾಗೆಯೇ ಹಾಕುತ್ತಿದ್ದೇನೆ. ಶಾಲೆಗಳ ಹೆಸರು ಬೇಡ. ಈ ಊರಿನಲ್ಲಿ ನಾನು ಇನ್ನೂ ಇರಬೇಕಾದವಳು.

ಮೊದಲನೆಯದು ಹೆದ್ದಾರಿ ಶಾಲೆ. ಒಂದರಿಂದ ಎಂಟು, ಇನ್ನೂರಕ್ಕೂ ಹೆಚ್ಚು ಮಕ್ಕಳು. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆ. ಪುಸ್ತಕದಲ್ಲಿ ಒಂದು ಪುಟ ಕನ್ನಡ, ಎದುರು ಪುಟ ಇಂಗ್ಲಿಷ್. ಶೌಚಾಲಯಕ್ಕೆ ಚಿಲಕ ಇದೆ, ನಲ್ಲಿಯಲ್ಲಿ ನೀರಿದೆ. ಇವೆರಡನ್ನು ನಾನು ಮೊದಲು ನೋಡುತ್ತೇನೆ, ಹೆಣ್ಣುಮಗಳ ತಾಯಿ. ಆದರೆ ಶಾಲೆ ಇರುವುದು ಹೆದ್ದಾರಿ 66ರ ಆಚೆ ಬದಿಗೆ. ನಾಲ್ಕು ಪಥ ದಾಟಬೇಕು. ನಾನೇ ಎರಡು ಸಲ ಮುಂದೆ ಹೋಗಿ ಹಿಂದೆ ಬಂದೆ.

ಎರಡನೆಯದು ಅಳಿವೆ ಕಡೆಯ ಶಾಲೆ. ಒಂದರಿಂದ ಏಳು. ಹೊಸ ಬಣ್ಣ, ಗೋಡೆ ತುಂಬಾ ರೈಲು ಬಂಡಿಯ ಚಿತ್ರ, ಪ್ರತಿ ಕಿಟಕಿಯೂ ಒಂದೊಂದು ಬೋಗಿ. ಮಗ ಅಲ್ಲಿಯೇ ಸೇರುತ್ತೇನೆಂದು ನೆಲಕ್ಕೆ ಕುಳಿತ. ಶಿಕ್ಷಕರು ಎಷ್ಟು ಎಂದು ಕೇಳಿದೆ. ‘ನಾಲ್ಕು’ ಎಂದರು. ಸ್ವಲ್ಪ ಹೊತ್ತಿಗೆ ‘ಒಬ್ಬರು ನಿಯೋಜನೆಯ ಮೇಲೆ ಬೇರೆ ಕಡೆ ಇದ್ದಾರೆ’ ಎಂದರು. ಹೊರಡುವಾಗ ‘ಇನ್ನೊಬ್ಬರು ಅತಿಥಿ ಶಿಕ್ಷಕರು, ಅವರು ಬರಬೇಕಷ್ಟೇ’ ಎಂದರು. ಬಟ್ಟೆ ಕೊಡಲು ಬಂದವರು ಮೀಟರ್ ಎನ್ನುತ್ತಾರೆ, ಕತ್ತರಿ ಹಿಡಿದಾಗ ಮುಕ್ಕಾಲು ಮೀಟರ್ ಇರುತ್ತದೆ. ಅದೇ ನೆನಪಾಯಿತು.

ಮೂರನೆಯದು ಗುಡ್ಡದ ಶಾಲೆ. ಮನೆಯಿಂದ ಹತ್ತು ನಿಮಿಷದ ಕಾಲುದಾರಿ. ಒಂದರಿಂದ ಐದು ಮಾತ್ರ, ಇಬ್ಬರು ಅಕ್ಕೋರು. (ಶಿಕ್ಷಕಿಯರನ್ನು ಕರೆಯುವ ಅಕ್ಕೋರು ಎಂಬ ಮಾತು ಇಲ್ಲಿಯೂ ಇದೆ ಎಂದು ತಿಳಿದಾಗ ಅರ್ಧ ಪರಊರು ಕರಗಿಹೋಯಿತು.) ಹೆಂಚಿನ ಮಾಡು, ಒಂದು ಮೂಲೆಯಲ್ಲಿ ಬಕೆಟ್ ಇಟ್ಟಿದ್ದರು. ಒಂದು, ಎರಡು, ಮೂರನೇ ತರಗತಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕುಳಿತಿದ್ದರು. ನಾನು ಬಾಗಿಲಲ್ಲಿ ನಿಂತರೂ ಯಾರೂ ತಿರುಗಿ ನೋಡಲಿಲ್ಲ. ಒಬ್ಬಳು ಹುಡುಗಿ ಗೋಡೆಯ ಕೆಳಭಾಗಕ್ಕೆ ಬಳಿದಿದ್ದ ಕಪ್ಪು ಪಟ್ಟಿಯ ಮೇಲೆ ಬರೆಯುತ್ತಿದ್ದಳು. ಇದು ಚೆನ್ನಾಗಿದೆಯೋ, ಮೂರು ತರಗತಿಗೆ ಒಬ್ಬರೇ ಎಂಬ ಬಡತನವೋ, ನನಗೆ ಅರ್ಥವಾಗಲಿಲ್ಲ.

ಇಲ್ಲಿಯವರು ಹೇಳಿ. ಇಬ್ಬರನ್ನೂ ಹೆದ್ದಾರಿ ಶಾಲೆಗೆ ಹಾಕಿ ದಿನಕ್ಕೆ ಎರಡು ಸಲ ನಾನೇ ದಾಟಿಸಲೇ? ಇಬ್ಬರನ್ನೂ ಎರಡು ಕಡೆ ಮಾಡಲೇ? ಮಗಳು ಮಾತಿಗೊಮ್ಮೆ ‘ರೀ’ ಎನ್ನುತ್ತಾಳೆ, ನಗುತ್ತಾರೆಯೇ? ದಾಖಲಾತಿಗೆ ಈ ತಿಂಗಳ ಕೊನೆಯವರೆಗೆ ಸಮಯ ಇದೆ ಎಂದಿದ್ದಾರೆ. ಆದರೆ ಮಕ್ಕಳು ಮನೆಯಲ್ಲಿ ಕುಳಿತು ನನ್ನ ಗುಂಡಿ ಡಬ್ಬಿ ಖಾಲಿ ಮಾಡುತ್ತಿದ್ದಾರೆ.

ನಿವೃತ್ತ ಮಾಸ್ತರ:

ತಂಗೀ, ಮೊದಲು ನಿಮ್ಮ ಮೂರನೆಯ ಶಾಲೆಯ ಸಂಗತಿ. ನೀವು ನೋಡಿದ್ದು ಬಡತನ ಅಲ್ಲ, ನಲಿ-ಕಲಿ. 1995ರಲ್ಲಿ ಮೈಸೂರಿನ ಕಡೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಒಂದರಿಂದ ಮೂರರ ಮಕ್ಕಳನ್ನು ಬೇಕೆಂದೇ ಕೂಡಿಸಿ ಕೂರಿಸುತ್ತಾರೆ. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾರ್ಡು. ಪ್ರತಿ ಮಗು ತನ್ನ ಮೆಟ್ಟಿಲು ಹುಡುಕಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. ಒಂದು ತಟ್ಟೆಯಲ್ಲಿ ಕುಳಿತವರಿಗೆ ಶಿಕ್ಷಕರ ಸಹಾಯ ಪೂರ್ತಿ, ಇನ್ನೊಂದು ತಟ್ಟೆಯವರು ಸ್ವಂತವಾಗಿ ಕಲಿಯುವವರು. ತಟ್ಟೆ ಎಂದರೆ ಗುಂಪು, ಊಟದ್ದಲ್ಲ. ಜ್ವರ ಬಂದು ಹದಿನೈದು ದಿನ ತಪ್ಪಿದ ಮಗು ಮರಳಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಹೊಂದುವ ಪದ್ಧತಿ ಇಲ್ಲ ಎಂದು ನನ್ನ ಅನುಭವ. ಆ ಕಪ್ಪು ಪಟ್ಟಿ ಮಕ್ಕಳದ್ದು, ಅವರ ಎತ್ತರಕ್ಕೇ ಬಳಿದಿರುತ್ತಾರೆ.

ಆದರೆ ನಲಿ-ಕಲಿ ಹೆಸರಿಗೆ ಮಾತ್ರ ಇರುವ ಶಾಲೆಗಳೂ ಉಂಟು, ನಾನೇ ಕಂಡಿದ್ದೇನೆ. ಪರೀಕ್ಷಿಸುವುದು ಸುಲಭ. ಕಾರ್ಡುಗಳ ಅಂಚು ನೋಡಿ. ಸವೆದು, ಮಡಚಿ, ಎಣ್ಣೆಗೈ ತಾಗಿದ್ದರೆ ಶಾಲೆ ನಡೆಯುತ್ತಿದೆ. ಹೊಸದಾಗಿ ಹೊಳೆಯುತ್ತಾ ಕಪಾಟಿನಲ್ಲಿದ್ದರೆ, ಚಹಾ ಕುಡಿದು ಬನ್ನಿ. ಮೇಲೆ ತೋರಣದಂತೆ ದಾರ ಕಟ್ಟಿ ಮಕ್ಕಳ ಚಿತ್ರ ಇಳಿಬಿಟ್ಟಿರುತ್ತಾರೆ, ಅದನ್ನೂ ಓದಿ. ಅಕ್ಷರ ಎಲ್ಲ ಒಂದೇ ಕೈಯದಾದರೆ ಅದು ಅಕ್ಕೋರ ಕೈ.

ನೀವು ಹೋದದ್ದು ಶಾಲಾ ಪ್ರಾರಂಭದ ವಾರ. ಆ ವಾರ ಎಲ್ಲ ಶಾಲೆಯೂ ಮದುಮಗಳೇ. ಮಾವಿನ ತೋರಣ, ಸಿಹಿ, ಮಕ್ಕಳ ಕೈಗೆ ಹೂವು. ಇನ್ನೊಮ್ಮೆ ಹೋಗಿ. ಜೋರು ಮಳೆ ಇರುವ ಬುಧವಾರವೋ ಗುರುವಾರವೋ, ಹನ್ನೊಂದು ಗಂಟೆಯ ನಂತರ. ಆ ಹೊತ್ತಿಗೆ ಯಾರು ತರಗತಿಯಲ್ಲಿದ್ದಾರೆ, ಯಾರು ಕಚೇರಿಯ ಗಣಕಯಂತ್ರದ ಮುಂದೆ ಮಾಹಿತಿ ತುಂಬುತ್ತಿದ್ದಾರೆ ಎಂದು ನೋಡಿ. ಎರಡನೆಯವರನ್ನು ಬೈಯಬೇಡಿ, ಅದೂ ಮೇಲಿನಿಂದ ಬಂದ ಕೆಲಸವೇ. ಆದರೆ ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಮಾಹಿತಿ ತುಂಬಿದರೆ ಅರ್ಧ ಶಾಲೆ ತುಂಬಿಕೊಂಡು ಹೋಗುತ್ತದೆ.

ಮಗಳ ಪ್ರಶ್ನೆ ಬೇರೆ. ಆರನೇ ತರಗತಿಗೆ ಬಂದ ಮೇಲೆ ಕಾನೂನಿನ ಅಳತೆಯೇ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆರರಿಂದ ಎಂಟಕ್ಕೆ ಗಣಿತ-ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು ಎಂದಿದೆ. ಆದ್ದರಿಂದ ಎಷ್ಟು ಶಿಕ್ಷಕರು ಎಂದು ಕೇಳಬೇಡಿ. ಆರನೇ ತರಗತಿಗೆ ಗಣಿತ ಯಾರು ಮಾಡುತ್ತಾರೆ, ಅವರು ಎಷ್ಟು ವರ್ಷದಿಂದ ಇಲ್ಲಿದ್ದಾರೆ ಎಂದು ಕೇಳಿ. ಉತ್ತರ ಒಂದು ಹೆಸರಾಗಿರಬೇಕು. ‘ವ್ಯವಸ್ಥೆ ಆಗುತ್ತದೆ’ ಎಂಬ ಹೆಸರಿನ ಶಿಕ್ಷಕರನ್ನು ನಾನು ನೌಕರಿಯುದ್ದಕ್ಕೂ ಕಂಡಿದ್ದೇನೆ, ಅವರು ಪಾಠ ಮಾಡಿದ್ದನ್ನು ಮಾತ್ರ ಕಂಡಿಲ್ಲ. ಬಣ್ಣದ ರೈಲಿನ ಬಗ್ಗೆ ಇಷ್ಟು ಸಾಕು.

ಇನ್ನೊಂದು. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ, ಎಂದರೆ ಸರ್ಕಾರದ ಲೆಕ್ಕದಲ್ಲಿ ಶಾಲೆಯ ಗುರುತಿನ ಸಂಖ್ಯೆ, ಇದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಅದನ್ನು ಮೊಬೈಲಿನಲ್ಲಿ ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಶೌಚಾಲಯವೆಷ್ಟು ಎಂಬ ವರದಿ ಬರುತ್ತದೆ. ಆದರೆ ಅದು ಹಿಂದಿನ ವರ್ಷ ಶಾಲೆಯವರೇ ತುಂಬಿದ ಲೆಕ್ಕ. ಚಿಲಕ ಇದೆಯೋ ಇಲ್ಲವೋ ಅದರಲ್ಲಿ ಬರುವುದಿಲ್ಲ. ನಿಮ್ಮ ಪುಸ್ತಕವೇ ಉತ್ತಮ.

ಎಂಟು, ಒಂಬತ್ತಕ್ಕೆ ಮಗಳು ಹೇಗೂ ಪ್ರೌಢಶಾಲೆಗೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಆಗ ಅನುದಾನಿತ ಶಾಲೆಗಳನ್ನೂ ನೋಡಿ, ಸರ್ಕಾರಿಯೇ ಬೇಕೆಂಬ ಹಟ ಬೇಡ. ಚುಟುಕು ಬರೆದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಬಡವರ ಮಕ್ಕಳಿಗೆಂದು ಈ ಕರಾವಳಿಯಲ್ಲೂ ಘಟ್ಟದ ಮೇಲೂ ಪ್ರೌಢಶಾಲೆ ತೆರೆದರು. ಮಿರ್ಜಾನದ ಜನತಾ ವಿದ್ಯಾಲಯ ಅಂಥದ್ದೇ. ಇಲ್ಲಿ ಅನುದಾನಿತ ಎಂದರೆ ವ್ಯಾಪಾರ ಎಂದು ಯಾರೂ ತಿಳಿಯುವುದಿಲ್ಲ.

ಘಟ್ಟ ಇಳಿದವ:

ಮಾಸ್ತರರು ಹಳೆಯ ಕಾಲದ ಮಾತು ಆಡುತ್ತಿದ್ದಾರೆ. ಅಕ್ಕಾ, ಸಾಲ ಮಾಡಿಯಾದರೂ ಖಾಸಗಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ. ಸರ್ಕಾರಿ ಶಾಲೆಯ ಶಿಕ್ಷಕರ ಮಕ್ಕಳೇ ಎಲ್ಲಿ ಓದುತ್ತಾರೆ ಕೇಳಿ ನೋಡಿ. ಹತ್ತನೇ ತರಗತಿಯ ಫಲಿತಾಂಶ ಬಂದಾಗ ಗೊತ್ತಾಗುತ್ತದೆ.

ನಿವೃತ್ತ ಮಾಸ್ತರ:

ನನ್ನ ಇಬ್ಬರು ಮಕ್ಕಳೂ ನನ್ನದೇ ಶಾಲೆಯಲ್ಲಿ ಓದಿದರು. ದೊಡ್ಡವನಿಗೆ ಹೆಚ್ಚು ಪೆಟ್ಟು ಬಿದ್ದದ್ದೂ ಅದೇ ಕಾರಣಕ್ಕೆ. ಆಗ ಹೊಡೆಯುತ್ತಿದ್ದೆವು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಫಲಿತಾಂಶದ ಮಾತು ತೆಗೆದಿರಿ, ಹೇಳುತ್ತೇನೆ. 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ನಿಮ್ಮ ಘಟ್ಟದ ಮೇಲಿನ ಶಿರಸಿಯ ಸರ್ಕಾರಿ ಉರ್ದು ಪ್ರೌಢಶಾಲೆಯ ಹುಡುಗಿ 625ಕ್ಕೆ 625 ತೆಗೆದಳು. ಅದೇ ವರ್ಷ ದಕ್ಷಿಣ ಕನ್ನಡ, ಉಡುಪಿಯ ನಂತರ ಉತ್ತರ ಕನ್ನಡ ಶೇ 83.19ರೊಂದಿಗೆ ಮೂರನೆಯದಾಗಿತ್ತು. ಒಬ್ಬಳ ಅಂಕದಿಂದ ಶಾಲೆಗಳೆಲ್ಲ ಚೆನ್ನಾಗಿವೆ ಎಂದು ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಹಾಗೆಯೇ ಒಂದು ವ್ಯಾನಿನಿಂದಲೂ ಆಗುವುದಿಲ್ಲ. ಈ ಅಮ್ಮ ಕೇಳಿದ್ದು ಮೂರರಲ್ಲಿ ಯಾವುದು ಎಂದು. ನೀವು ನಾಲ್ಕನೆಯದನ್ನು ಹೇಳುತ್ತಿದ್ದೀರಿ.

ಗುಡ್ಡದ ಕಮಿಟಿ:

ಅಕ್ಕಾ, ನೀವು ಬರೆದ ಮೂರನೆಯ ಶಾಲೆ ಯಾವುದೆಂದು ಬಕೆಟ್‌ನಿಂದಲೇ ಗೊತ್ತಾಯಿತು. ನಾನು ಅದರ ಎಸ್‌ಡಿಎಂಸಿ, ಎಂದರೆ ಪಾಲಕರ ಶಾಲಾ ಅಭಿವೃದ್ಧಿ ಸಮಿತಿಯ, ಅಧ್ಯಕ್ಷ. ಸರಕು ಸಾಗಿಸುವ ಆಟೋ ಓಡಿಸುತ್ತೇನೆ, ನನ್ನ ಕೊನೆಯ ಮಗಳು ಅಲ್ಲಿಯೇ ನಾಲ್ಕನೇ ತರಗತಿ. ಆದ್ದರಿಂದ ನನ್ನ ಮಾತನ್ನು ಅಧ್ಯಕ್ಷನ ಮಾತು ಎಂದು ಅರ್ಧ ಕಡಿಮೆ ಮಾಡಿಯೇ ಓದಿ.

ಮೊದಲು ಬಕೆಟ್. ಆ ಮೂಲೆಯ ಹೆಂಚು ಒಡೆದದ್ದು ಮಂಗನಿಂದ. ಪ್ರತಿ ವರ್ಷ ಮೇ ಕೊನೆಯ ಭಾನುವಾರ ನಾವು ಏಳೆಂಟು ಜನ ಪಾಲಕರು ಮಾಡು ಹತ್ತಿ ಹೆಂಚು ಬದಲಿಸುತ್ತೇವೆ. ಈ ವರ್ಷವೂ ಹತ್ತಿದ್ದೆವು. ಇಳಿದ ಮೂರನೆಯ ದಿನ ಮಂಗ ಹತ್ತಿತು. ಈಗ ಸರಿಯಾಗಿದೆ, ಬಂದು ನೋಡಿ.

ಊಟದ ಬಗ್ಗೆ ನೀವು ಕೇಳಲಿಲ್ಲ. ಬೆಳಿಗ್ಗೆ ಹಾಲು, ಮಧ್ಯಾಹ್ನ ಅನ್ನ ಸಾರು, ಮೊಟ್ಟೆ. ತಿನ್ನದವರಿಗೆ ಬಾಳೆಹಣ್ಣು. ಅಡುಗೆಯವರು ಇಬ್ಬರೂ ಇದೇ ಕೇರಿಯವರು, ಒಬ್ಬರ ಮೊಮ್ಮಗನೂ ಅದೇ ಪಂಕ್ತಿಯಲ್ಲಿ ಕೂರುತ್ತಾನೆ. ಸಾರಿಗೆ ಉಪ್ಪು ಹೆಚ್ಚಾದರೆ ಮನೆಗೆ ಹೋಗಿ ಬೈಸಿಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ತಪಾಸಣೆ ಬೇಕೇ?

ಈಗ ನನ್ನ ಸ್ವಾರ್ಥ. ನಮ್ಮಲ್ಲಿ ಈಗ 58 ಮಕ್ಕಳು. ಒಂದರಿಂದ ಐದರ ಶಾಲೆಗೆ ಅರುವತ್ತು ಮಕ್ಕಳವರೆಗೆ ಇಬ್ಬರೇ ಶಿಕ್ಷಕರು, ಅರುವತ್ತೊಂದು ಆದರೆ ಮೂರನೆಯವರು ಎಂದು ಮಾಸ್ತರರು ಹೇಳಿದ ಅದೇ ಅನುಸೂಚಿಯಲ್ಲಿದೆ. ಮೂರು ಮಕ್ಕಳು ಹೆಚ್ಚಾದರೆ ನಾವು ಕೇಳಬಹುದು. ಕೇಳಿದ ಕೂಡಲೇ ಕೊಡುತ್ತಾರೆ ಎಂದು ನಾನು ಸುಳ್ಳು ಹೇಳುವುದಿಲ್ಲ, ಮೊದಲ ವರ್ಷ ಅತಿಥಿ ಶಿಕ್ಷಕರೇ ಬರಬಹುದು. ಆದರೆ 58 ಇಟ್ಟುಕೊಂಡು ಕೇಳಲು ಬಾಯಿಯೇ ಇಲ್ಲ. ನೀವು ಮೂರು ಶಾಲೆಗಳನ್ನು ಅಳೆಯುತ್ತಿದ್ದೀರಿ, ಸರಿ. ನಿಮ್ಮ ಹುಡುಗ ಎಲ್ಲಿ ಕುಳಿತುಕೊಳ್ಳುತ್ತಾನೋ ಅಲ್ಲಿಯ ಅಳತೆ ಅಷ್ಟರಮಟ್ಟಿಗೆ ಬದಲಾಗುತ್ತದೆ. ಬೇರೆ ಊರಿನವರು ಎಂದು ಬಾಗಿಲಲ್ಲಿ ನಿಂತು ಹೋಗಬೇಡಿ, ಒಳಗೆ ಬನ್ನಿ. ಕಮಿಟಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕೆಂದು ಕಾನೂನಿದೆ. ಸಭೆಗೆ ಬರುವವರು ಇಬ್ಬರು.

ಕಾಲುದಾರಿಯಲ್ಲಿ ಒಂದು ಕಡೆ ಜುಲೈನಲ್ಲಿ ನೀರು ಏರುತ್ತದೆ. ಅಲ್ಲಿಯ ಸಂಕಕ್ಕೆ, ಎಂದರೆ ಕಾಲುಸೇತುವೆಗೆ, ಈಗ ಕಬ್ಬಿಣದ ಹಿಡಿಕೆ ಹಾಕಿಸಿದ್ದೇವೆ. ಆದರೂ ಮೊದಲ ತಿಂಗಳು ಕೈ ಹಿಡಿದೇ ದಾಟಿಸಿ.

ಕಾಗಾಲದ ಹುಡುಗಿ:

ನಾನು ಇಂಥದ್ದೇ ಸಣ್ಣ ಶಾಲೆಯಲ್ಲಿ ಐದನೆಯವರೆಗೆ ಓದಿ, ಆರಕ್ಕೆ ದೊಡ್ಡ ಶಾಲೆಗೆ ಹೋದವಳು. ಈಗ ಕುಮಟಾದಲ್ಲಿ ಪದವಿ ಮಾಡುತ್ತಿದ್ದೇನೆ. ಮಗಳ ಬಗ್ಗೆ ಮಾತ್ರ ಹೇಳುತ್ತೇನೆ.

ನಗುತ್ತಾರೆ. ಒಂದು ವಾರ. ನನ್ನನ್ನೂ ನಕ್ಕಿದ್ದರು, ನಮ್ಮ ಮನೆಯಲ್ಲಿ ಕೊಂಕಣಿ, ನನ್ನ ಕನ್ನಡಕ್ಕೆ ಬೇರೆಯೇ ರಾಗ ಇತ್ತು. ತರಗತಿಯಲ್ಲಿ ಹವ್ಯಕರ ಕನ್ನಡ, ಹಾಲಕ್ಕಿಯವರ ಕನ್ನಡ, ನಮ್ಮ ಕೊಂಕಣಿ, ಎರಡು ಮನೆಯ ಉರ್ದು, ಎಲ್ಲ ಇತ್ತು. ಅಕ್ಕೋರು ಪುಸ್ತಕದ ಕನ್ನಡ ಮಾತನಾಡಿದಾಗ ನಮಗೆಲ್ಲರಿಗೂ ಸಮನಾಗಿ ಅರ್ಥವಾಗುತ್ತಿರಲಿಲ್ಲ. ನಿಮ್ಮ ಮಗಳ ‘ರೀ’ ಕೇಳಿದರೆ ಹುಡುಗಿಯರು ಮೊದಲು ಅಣಕಿಸುತ್ತಾರೆ, ದೀಪಾವಳಿಯ ಹೊತ್ತಿಗೆ ಅವರೂ ಹಾಗೆಯೇ ಮಾತನಾಡುತ್ತಾರೆ.

ಹೆದ್ದಾರಿಗೆ ಒಂದು ಉಪಾಯ. ದೊಡ್ಡ ಶಾಲೆಗಳಿಗೆ ಒಂದೊಂದು ಕೇರಿಯಿಂದ ಮಕ್ಕಳು ಗುಂಪಾಗಿಯೇ ಹೋಗುತ್ತಾರೆ, ಏಳು-ಎಂಟನೆಯ ಹುಡುಗಿಯರು ಮುಂದೆ ಇರುತ್ತಾರೆ. ನಿಮ್ಮ ಕೇರಿಯ ಗುಂಪು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ವಿಚಾರಿಸಿ. ಆರನೆಯ ಮಗಳು ಆ ಗುಂಪಿನಲ್ಲಿ ದಾಟುತ್ತಾಳೆ. ಒಂದನೆಯ ಮಗನನ್ನು ಮಾತ್ರ ಹಾಗೆ ಬಿಡಬೇಡಿ.

ಮಗನಿಗೆ ಮುಂದೆ ಐದನೇ ತರಗತಿ ಬಂದಾಗ ಮುಂಡಗೋಡದ ನವೋದಯದ ಪರೀಕ್ಷೆ ಬರೆಸಿ. ಆರನೇ ತರಗತಿಗೆ ಪ್ರವೇಶ, ವಸತಿ ಶಾಲೆ. ನಾನು ಬರೆದಿದ್ದೆ, ಸಿಗಲಿಲ್ಲ. ಆದರೆ ಆ ವರ್ಷ ನಮ್ಮ ಅಕ್ಕೋರು ಸಂಜೆ ಕೂರಿಸಿ ಕಲಿಸಿದ ಲೆಕ್ಕ ಇನ್ನೂ ನನ್ನ ಕೈಯಲ್ಲಿದೆ.

ಗದಗಿನ ಹೊಲಿಗೆಯವಳು:

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು. ಮೂರು ದಿನ ವಿದ್ಯುತ್ ಇರಲಿಲ್ಲ. ಅಜ್ಜಿ ಈಗ ಇದನ್ನು ಮಳೆ ಎಂದು ಒಪ್ಪಿದ್ದಾರೆ.

ಮಾಸ್ತರರು ಹೇಳಿದಂತೆ ಬುಧವಾರ ಹನ್ನೊಂದೂ ಕಾಲಿಗೆ ಹೋದೆ. ಕೊಡೆ ಎರಡು ಸಲ ಮಗುಚಿತು. ಹೆದ್ದಾರಿ ಶಾಲೆಯಲ್ಲಿ ಆರನೇ ತರಗತಿಗೆ ಗಣಿತ ಯಾರು ಎಂದು ಕೇಳಿದೆ. ಮುಖ್ಯೋಪಾಧ್ಯಾಯರು ಹೆಸರು ಹೇಳುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಹುಡುಗನೊಬ್ಬ ಹೇಳಿದ. ಒಂಬತ್ತು ವರ್ಷದಿಂದ ಅದೇ ಶಾಲೆಯಲ್ಲಿರುವ ಅಕ್ಕೋರು. ಕಿಟಕಿಯಿಂದ ನೋಡಿದೆ, ಭಿನ್ನರಾಶಿಗೆ ಕೊಡೆಯ ಕಡ್ಡಿ ಎಣಿಸುತ್ತಿದ್ದರು. ಮಗಳು ಅಲ್ಲಿಗೇ. ವರ್ಗಾವಣೆ ಪತ್ರಕ್ಕೆ ಗದಗಿನ ಶಾಲೆಗೆ ಹೋಗಬೇಕೋ ಎಂದು ಹೆದರಿದ್ದೆ. ಮಗಳ ಸ್ಯಾಟ್ಸ್ ಸಂಖ್ಯೆ, ಎಂದರೆ ಶಾಲಾ ದಾಖಲೆಯಲ್ಲಿರುವ ವಿದ್ಯಾರ್ಥಿ ಸಂಖ್ಯೆ, ಕೊಟ್ಟೆ, ಇಲ್ಲಿಂದಲೇ ಕೇಳಿಕೊಂಡರು. ಕೇರಿಯ ಗುಂಪು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ. ಇಷ್ಟು ದಿನ ಯಂತ್ರದ ಸದ್ದಿನಲ್ಲಿ ನನಗೇ ಕೇಳಿರಲಿಲ್ಲ.

ಅಳಿವೆ ಕಡೆಯ ಶಾಲೆಯಲ್ಲಿ ಅತಿಥಿ ಶಿಕ್ಷಕರು ಇನ್ನೂ ಬರಬೇಕಷ್ಟೇ. ರೈಲಿಗಾಗಿ ಮಗ ಒಂದು ಸಂಜೆ ಅತ್ತ.

ಗುಡ್ಡದ ಶಾಲೆಯಲ್ಲಿ ಕಾರ್ಡಿನ ಅಂಚು ನೋಡಿದೆ. ಸವೆದು ಮೆತ್ತಗಾಗಿ, ಒಗೆದ ಖಾದಿಯ ಹಾಗೆ ಆಗಿತ್ತು. ಒಂದಕ್ಕೆ ಯಾರೋ ದಾರದಿಂದ ಹೊಲಿಗೆಯನ್ನೇ ಹಾಕಿದ್ದರು, ಓಡುಹೊಲಿಗೆ, ಕೆಟ್ಟದಾಗಿ. ಅದನ್ನು ಬಿಚ್ಚಿ ಸರಿಯಾಗಿ ಹಾಕಿಕೊಡುತ್ತೇನೆ ಎಂದೆ. ಅಕ್ಕೋರು ಒಂದಲ್ಲ, ಹದಿನಾರು ಕಾರ್ಡು ಚೀಲದಲ್ಲಿ ಹಾಕಿ ಕೊಟ್ಟರು. ಮಗನ ಹೆಸರು ಬರೆಸಿ ಬಂದೆ. ಇಬ್ಬರನ್ನು ಎರಡು ಕಡೆ ಮಾಡಿದ್ದಕ್ಕೆ ಗಂಡ ಮೊದಲು ಗೊಣಗಿದರು. ನಂತರ ಬೆಳಗಿನ ಪಾಳಿ ಇಲ್ಲದ ದಿನ ಸಂಕ ದಾಟಿಸುವುದು ತಮ್ಮದು ಎಂದರು.

ಕಮಿಟಿ ಅಣ್ಣಾ, ಒಂದು ಲೆಕ್ಕ ಹೇಳಿ. ನನ್ನ ಮಗನಿಂದ 59. ನಮ್ಮ ಮನೆಯ ಮಾಲೀಕರ ತಮ್ಮನ ಮಗು ಇನ್ನೂ ಎಲ್ಲಿಯೂ ಸೇರಿಲ್ಲ. ಅವರ ಮನೆಯ ರವಿಕೆ ನನ್ನ ಹತ್ತಿರ ಹೊಲಿಗೆಗೆ ಬಂದಿದೆ. ಶನಿವಾರ ಕೊಡಲು ಹೋಗುವಾಗ ಮಾತು ತೆಗೆಯುತ್ತೇನೆ. ಸಭೆ ಯಾವ ದಿನ?

ಗುಡ್ಡದ ಕಮಿಟಿ:

ಎರಡನೆಯ ಶನಿವಾರ, ಮಧ್ಯಾಹ್ನ ಎರಡಕ್ಕೆ. ರವಿಕೆ ಮೊದಲೇ ಕೊಟ್ಟು ಬನ್ನಿ. ನಿನ್ನೆ ಒಂದು ದಾಖಲಾತಿ ಆಯಿತು, ಮೀನು ಮಾರುವವರ ಮನೆಯ ಹುಡುಗಿ, ಎರಡನೇ ತರಗತಿಗೆ. ಈಗ 60.